ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರಸಂಗದಲ್ಲಿ ಕ್ರಿಸ್ತನಿಗೆ ಯಾವ ಜಾಗ?

ಕ್ರಿಸ್ತನನ್ನು ನಡುವೆ ಇಟ್ಟು ಪ್ರಸಂಗ (ಸಭೆಯಲ್ಲಿ ಬೈಬಲ್ ವಾಕ್ಯವನ್ನು ವಿವರಿಸಿ ಹೇಳುವುದು) ಮಾಡುವುದು, ಸೇವೆ ನಡೆಸುವುದು ಹೇಗೆ ಎಂಬ ವಿಷಯಕ್ಕೆ ಪ್ರಶ್ನೆಗಳನ್ನು ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆವು. ಶಿವಮೊಗ್ಗ, ಚಿಕ್ಕಮಗಳೂರು ಕಡೆಯಿಂದಲೇ ಹೆಚ್ಚು ಕಾಗದಗಳು ಬಂದಿವೆ. ಕೆಲವನ್ನು ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇವೆ. ಬರೆದವರ ಹೆಸರು ಬಿಟ್ಟಿದ್ದೇವೆ.

ನಮ್ಮ ಸಭೆಗೆ ಪಾಸ್ಟರು ತಿಂಗಳಿಗೆ ಎರಡೇ ಭಾನುವಾರ ಬರುತ್ತಾರೆ. ಉಳಿದ ಭಾನುವಾರ ವಾಕ್ಯ ಹೇಳುವ ಜವಾಬ್ದಾರಿ ನನ್ನದು. ಹಳೆಯ ಒಡಂಬಡಿಕೆಯಿಂದ (ಬೈಬಲಿನಲ್ಲಿ ಯೇಸುವಿಗೆ ಮುಂಚಿನ ಭಾಗ) ಮಾತಾಡಿದಾಗ ಕೊನೆಗೆ "ಯೇಸು ನಮಗಾಗಿ ಸತ್ತನು" ಎಂದು ಸೇರಿಸಿ ಮುಗಿಸುತ್ತೇನೆ. ಅದು ಬಾಲ ಅಂಟಿಸಿದ ಹಾಗಿದೆ ಎಂದು ನನ್ನ ಮಗಳೇ ಹೇಳಿದಳು. ಮುಂದಿನ ತಿಂಗಳು ದಾವೀದ ಮತ್ತು ಗೊಲ್ಯಾತರ ಭಾಗವಿದೆ, ಹುಡುಗ ದಾವೀದನು ಹಳ್ಳದಿಂದ ಐದು ಕಲ್ಲು ಆರಿಸಿಕೊಂಡು ಹೋಗಿ ದೈತ್ಯ ಗೊಲ್ಯಾತನನ್ನು ಕವಣೆಯಿಂದ ಬೀಳಿಸಿದ್ದು. ಹೇಗೆ ತಯಾರಾಗಲಿ? — ಸಭೆಯ ಹಿರಿಯರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ನಿಮ್ಮ ಮಗಳ ಕಿವಿ ಚುರುಕಾಗಿದೆ. ಶಿಲುಬೆಯ ಮಾತು ಬರುವ ಹೊತ್ತಿಗೆ ಕೇಳುವವರು "ನಾನೂ ದಾವೀದನ ಹಾಗೆ ಧೈರ್ಯ ತಂದುಕೊಳ್ಳಬೇಕು" ಎಂದು ತೀರ್ಮಾನಿಸಿ ಆಗಿರುತ್ತದೆ. ಆಮೇಲೆ ಯೇಸುವಿನ ಹೆಸರು ಕಿವಿಗೆ ಬಿದ್ದರೆ, ಮುಕ್ತಾಯದ ಪ್ರಾರ್ಥನೆಗೆ ಎದ್ದು ನಿಲ್ಲುವ ಸಮಯವಾಯಿತು ಎಂದಷ್ಟೇ ಅವರಿಗೆ ಗೊತ್ತಾಗುತ್ತದೆ. ಕೊನೆಯನ್ನು ತಿದ್ದಿದರೆ ಇದು ಸರಿಹೋಗುವುದಿಲ್ಲ. ಮೊದಲ ಓದಿನಲ್ಲೇ ತಿದ್ದಬೇಕು.

ವಾರದ ಆರಂಭದಲ್ಲಿ 1 ಸಮುವೇಲದ 16 ಮತ್ತು 17ನೆಯ ಅಧ್ಯಾಯಗಳನ್ನು ಒಟ್ಟಿಗೆ, ಗಟ್ಟಿಯಾಗಿ ಎರಡು ಸಲ ಓದಿ. 17ನ್ನು ಮಾತ್ರ ಓದಿದರೆ ದಾವೀದ ಒಬ್ಬ ಗಟ್ಟಿಗ ಹುಡುಗ. 16:13 ಸೇರಿಸಿಕೊಂಡರೆ ಅವನು ಆಗಲೇ ಅಭಿಷೇಕ ಹೊಂದಿದ ಅರಸ. ಅಲ್ಲೇ ಪ್ರಸಂಗದ ದಾರಿ ಬೇರೆಯಾಗುತ್ತದೆ. ಆಮೇಲೆ ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ: ಇಲ್ಲಿ ದೇವರು ಏನು ಮಾಡುತ್ತಿದ್ದಾನೆ? ಜನರ ಕೈಲಾಗದ್ದು ಏನು? ಇಲ್ಲಿ ಶುರುವಾದ ಕೆಲಸ ಬೈಬಲಿನಲ್ಲಿ ಎಲ್ಲಿ ಮುಗಿಯುತ್ತದೆ?

ಉತ್ತರಗಳು ಆ ಭಾಗದಲ್ಲೇ ಇವೆ. ತಮ್ಮ ಮುಂದೆ ಹೋಗಿ ಯುದ್ಧ ಮಾಡಲಿ ಎಂದೇ ಜನ ಅರಸನನ್ನು ಕೇಳಿದ್ದರು (8:20). ಎಲ್ಲರಿಗಿಂತ ಹೆಗಲಿನಿಂದ ಮೇಲಕ್ಕೆ ಎತ್ತರವಿದ್ದ ಸೌಲನು ಆ ಕೆಲಸಕ್ಕೆ ನಿಲ್ಲಬೇಕಿತ್ತು. ಆದರೆ ಅವನೂ ಜನರೊಂದಿಗೆ ಹೆದರಿ ಕುಳಿತಿದ್ದಾನೆ (17:11). ನಲವತ್ತು ದಿನ ಬೆಳಿಗ್ಗೆ ಸಂಜೆ ಗೊಲ್ಯಾತನು ಬಂದು ನಿಲ್ಲುತ್ತಾನೆ (17:16), ಒಬ್ಬರೂ ಇಳಿದು ಹೋಗುವುದಿಲ್ಲ. ಕೊನೆಗೆ ದೇವರು ಆರಿಸಿದ ಒಬ್ಬನು ಎಲ್ಲರ ಪರವಾಗಿ ಕಣಿವೆಗೆ ಇಳಿದು ಗೆಲ್ಲುತ್ತಾನೆ. ಗೆದ್ದ ಮೇಲೆ, 52ನೆಯ ವಚನದಲ್ಲಿ, ಅಷ್ಟೂ ದಿನ ನಡುಗುತ್ತಿದ್ದ ಜನ ಆರ್ಭಟಿಸುತ್ತ ಎದ್ದು ಓಡುತ್ತಾರೆ. ನಾವು ನಿಂತಿರುವುದು ಆ ಪಾಳೆಯದಲ್ಲಿ. ಪ್ರಸಂಗದಲ್ಲಿ ಕೇಳುಗರನ್ನು ಅಲ್ಲೇ ನಿಲ್ಲಿಸಿ. ದಾವೀದನ ಜಾಗಕ್ಕೆ ತಳ್ಳಬೇಡಿ.

ಕ್ರಿಸ್ತನ ಕಡೆಗೆ ಹೋಗುವಾಗ ಕವಣೆ, ಹಳ್ಳ, ಕಲ್ಲುಗಳ ಮೇಲಿಂದ ಹಾರಬೇಡಿ, ವಾಗ್ದಾನದ ದಾರಿಯಲ್ಲಿ ನಡೆದುಹೋಗಿ. ದಾವೀದನ ಸಿಂಹಾಸನ ಶಾಶ್ವತ ಎಂಬ ಮಾತು 2 ಸಮುವೇಲ 7ರಲ್ಲಿದೆ. ಆ ಸಿಂಹಾಸನ ಯಾರಿಗೆ ಎಂಬುದನ್ನು ದೂತನು ಮರಿಯಳಿಗೆ ಲೂಕ 1:32-33ರಲ್ಲಿ ಹೇಳುತ್ತಾನೆ. ಆ ಅರಸನು ಸೋಲಿಸಿದ ವೈರಿ ಯಾರು ಎಂಬುದು ಇಬ್ರಿಯ 2:14-15ರಲ್ಲಿದೆ: ಮರಣದ ಅಧಿಕಾರವಿದ್ದ ಸೈತಾನನನ್ನು ತನ್ನ ಮರಣದಿಂದಲೇ ಅಡಗಿಸಿ, ಮರಣಭಯದಲ್ಲಿ ದಾಸರಾಗಿದ್ದವರನ್ನು ಬಿಡಿಸಿದನು. ಈ ಮೂರು ಭಾಗಗಳನ್ನು ಸಭೆಯೇ ಬೈಬಲ್ ತೆರೆದು ಓದಲಿ.

ಮೂವತ್ತು ನಿಮಿಷದ ಪ್ರಸಂಗವಾದರೆ ಪಾಳೆಯದ ಭಯಕ್ಕೆ ಎಂಟು, ಅಭಿಷಿಕ್ತನ ಜಯಕ್ಕೆ ಎಂಟು, ಕ್ರಿಸ್ತನ ಜಯಕ್ಕೆ ಎಂಟು, ಉಳಿದದ್ದು ಕಾರ್ಯರೂಪಕ್ಕೆ. ಕ್ರಿಸ್ತನು ಹದಿನಾರನೆಯ ನಿಮಿಷಕ್ಕೆ ಬಂದು ಕೊನೆಯವರೆಗೂ ಇರುತ್ತಾನೆ. ಕಾರ್ಯರೂಪ ಅಂದರೆ 52ನೆಯ ವಚನವೇ: ಗೆಲುವು ಆಗಿಹೋಗಿದೆ, ಹಾಗಾಗಿ ಎದ್ದು ನಡೆಯಿರಿ. ಕ್ಷಮಿಸಲು ಹೆದರುತ್ತಿದ್ದವರು ಕ್ಷಮಿಸಲಿ, ಸಾವಿನ ಹೆದರಿಕೆಯಿಂದ ರೋಗಿಯ ಹಾಸಿಗೆ ಹತ್ತಿರ ಹೋಗದವರು ಹೋಗಲಿ.

ಇದು ಎಲ್ಲಿ ಹಳಿ ತಪ್ಪುತ್ತದೆ ಎಂಬುದನ್ನೂ ಹೇಳಬೇಕು. ಐದು ಕಲ್ಲಿಗೆ ನಂಬಿಕೆ, ಪ್ರಾರ್ಥನೆ, ಉಪವಾಸ, ವಾಕ್ಯ, ಸ್ತುತಿ ಎಂದು ಹೆಸರಿಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಆ ಭಾಗದಲ್ಲಿ ಅಂಥ ಸುಳಿವೇ ಇಲ್ಲ, ಗೊಲ್ಯಾತನು ಬಿದ್ದದ್ದೂ ಒಂದೇ ಕಲ್ಲಿಗೆ. ಇದಕ್ಕಿಂತ ಅಪಾಯದ್ದು ಕಷ್ಟಗಳಿಗೆಲ್ಲ ಗೊಲ್ಯಾತ ಎಂದು ಹೆಸರಿಡುವುದು. ಅಡಿಕೆ ತೋಟದ ಎಲೆಚುಕ್ಕಿ ರೋಗವೇ ನಿಮ್ಮ ಗೊಲ್ಯಾತ, ನಂಬಿಕೆಯ ಕಲ್ಲು ಬೀಸಿದರೆ ಬೀಳುತ್ತದೆ ಎಂದು ಹೇಳಿಬಿಟ್ಟರೆ, ಮುಂದಿನ ಮಳೆಗಾಲದಲ್ಲಿ ಸೋಗೆ ಮತ್ತೆ ಒಣಗಿದಾಗ ಆ ಮನೆಯವರು ತಮ್ಮ ನಂಬಿಕೆಯನ್ನೇ ದೂರಿಕೊಳ್ಳುತ್ತಾರೆ. ಕ್ರಿಸ್ತನು ಕೊಡದ ಮಾತನ್ನು ಅವನ ಹೆಸರಿನಲ್ಲಿ ಕೊಟ್ಟಂತಾಗುತ್ತದೆ. ತೋಟ ಹೋದರೂ ಹೋಗದ ಜಯವೊಂದು ಅವನಲ್ಲಿದೆ ಎಂದು ಹೇಳಿ. ಅದು ಸತ್ಯ, ಆ ಮನೆಗೆ ಬೇಕಾದದ್ದೂ ಅದೇ.

ಇನ್ನೊಂದು, ನಿಮ್ಮ ಕಡೆಯ ಮಳೆಗೆ ಸಂಬಂಧಿಸಿದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ, ಕರೆಂಟೂ ಹೋದಾಗ, ಹಿಂದಿನ ಸಾಲಿಗೆ ಅರ್ಧ ಮಾತು ಕೇಳಿಸುವುದಿಲ್ಲ. ಆ ತಿಂಗಳುಗಳಲ್ಲಿ ಪ್ರಸಂಗವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ. ಕ್ರಿಸ್ತನು ಏನು ಮಾಡಿದನು ಎಂಬ ಒಂದು ವಾಕ್ಯವನ್ನು ಬರೆದಿಟ್ಟುಕೊಂಡು, ಆರಂಭ, ನಡು, ಕೊನೆ ಮೂರು ಕಡೆಯೂ ಪದ ಬದಲಿಸದೆ ಹೇಳಿ. ಬೇರೆ ಯಾವುದು ಮಳೆಯಲ್ಲಿ ಕೊಚ್ಚಿಹೋದರೂ ಅದು ಮನೆಗೆ ಹೋಗಬೇಕು.

ಇಸ್ರಾಯೇಲಿನ ಗೂಢಚಾರರನ್ನು ಬಚ್ಚಿಟ್ಟ ಯೆರಿಕೋವಿನ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರ ಯೇಸುವಿನ ರಕ್ತ ಎಂದು ಯೂತ್ ಕೂಟದಲ್ಲಿ ಹೇಳಿದೆ. ಒಬ್ಬರು "ಎಲ್ಲದಕ್ಕೂ ಯೇಸುವನ್ನು ಎಳೆದು ತರುತ್ತೀಯ" ಎಂದರು. ಯಾರು ಸರಿ? — ಯುವ ಓದುಗ, ಸಾಗರ

ನೀವು ಹೊಸದೇನೂ ಹೇಳಿಲ್ಲ. ಒಂದನೆಯ ಶತಮಾನದ ಕೊನೆಯ ಹೊತ್ತಿಗೆ ರೋಮಿನ ಸಭಾನಾಯಕ ಕ್ಲೆಮೆಂಟನ ಪತ್ರದಲ್ಲೇ ಈ ಅರ್ಥ ಇದೆ. ಆದರೂ ನಿಮ್ಮನ್ನು ತಡೆದವರ ಮಾತಿನಲ್ಲಿ ತೂಕವಿದೆ. ಹಳೆಯ ಒಡಂಬಡಿಕೆಯಿಂದ ಕ್ರಿಸ್ತನಿಗೆ ಹೋಗುವ ದಾರಿಗಳೆಲ್ಲ ಒಂದೇ ಗಟ್ಟಿಯಲ್ಲ. ಹೊಸ ಒಡಂಬಡಿಕೆಯೇ ಕೈ ತೋರಿಸಿ ಹೇಳಿದವು ಎಲ್ಲಕ್ಕಿಂತ ಗಟ್ಟಿ: ತಾಮ್ರದ ಸರ್ಪ (ಯೋಹಾನ 3:14), ಪಸ್ಕದ ಕುರಿ (1 ಕೊರಿಂಥ 5:7), ಯೋನನ ಮೂರು ದಿನ (ಮತ್ತಾಯ 12:40). ಇವುಗಳ ಮೇಲೆ ಇಡೀ ಪ್ರಸಂಗ ಕಟ್ಟಬಹುದು. ದಾವೀದನ ಸಿಂಹಾಸನದಂಥ ವಾಗ್ದಾನದ ಎಳೆಗಳೂ ಹಾಗೆಯೇ. ಬಣ್ಣ, ಸಂಖ್ಯೆ, ಮರ, ನೀರು ಇಂಥ ಹೋಲಿಕೆಗಳು ಮಾತ್ರ ಹಗುರ. "ಇದು ನಮಗೆ ನೆನಪಿಗೆ ತರುತ್ತದೆ" ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಹೊಸ ಒಡಂಬಡಿಕೆ ರಾಹಾಬಳನ್ನು ಮೂರು ಕಡೆ ಹೆಸರಿಸುತ್ತದೆ (ಮತ್ತಾಯ 1:5, ಇಬ್ರಿಯ 11:31, ಯಾಕೋಬ 2:25). ಮೂರರಲ್ಲೂ ದಾರದ ಸುದ್ದಿಯಿಲ್ಲ. ಅವಳ ನಂಬಿಕೆ ಇದೆ, ಕ್ರಿಸ್ತನ ವಂಶಾವಳಿಯಲ್ಲಿ ಅವಳ ಹೆಸರಿದೆ. ಹೊರಗಿನವಳು, ಊರು ಮುಖ ತಿರುಗಿಸಿದ ಹೆಂಗಸು, ಯೇಸುವಿನ ಅಜ್ಜಿಯರ ಸಾಲಿಗೆ ಸೇರಿದಳು. ಯೂತ್ ಕೂಟಕ್ಕೆ ಇದನ್ನೇ ಹೇಳಿ. ದಾರಕ್ಕಿಂತ ಎಷ್ಟೋ ದೊಡ್ಡ ಸುವಾರ್ತೆ ಇಲ್ಲಿದೆ.

ಪ್ರತಿ ಪ್ರಸಂಗದಲ್ಲೂ ಯೇಸುವಿನ ಹೆಸರು ಬರಲೇಬೇಕೇ? ಎಷ್ಟು ಸಲ? — ಶಿಕಾರಿಪುರ

ಎಣಿಸುವ ಅಗತ್ಯವಿಲ್ಲ. ತಯಾರಿಸಿದ ಟಿಪ್ಪಣಿಯನ್ನು ಶನಿವಾರ ರಾತ್ರಿ ಮುಂದಿಟ್ಟುಕೊಂಡು ಇದೊಂದನ್ನು ಕೇಳಿ: ಕ್ರಿಸ್ತನು ಸತ್ತು ಎದ್ದು ಬರದೇ ಇದ್ದಿದ್ದರೂ ಈ ಪ್ರಸಂಗವನ್ನು ಹೀಗೇ ಮಾಡಬಹುದಿತ್ತೇ? ಮಾಡಬಹುದಿತ್ತು ಎಂದಾದರೆ, ಹೆಸರು ಐವತ್ತು ಸಲ ಬಂದಿದ್ದರೂ ಅದು ಒಳ್ಳೆಯ ನಡತೆಯ ಉಪದೇಶ ಅಷ್ಟೇ. ಹಾಗಂತ ನಡತೆಯ ಮಾತೇ ಬೇಡವೆಂದಲ್ಲ. 1 ಪೇತ್ರ 2:21-24ರಲ್ಲಿ ಕ್ರಿಸ್ತನು ಮಾದರಿಯೂ ಹೌದು, ನಮ್ಮ ಪಾಪಗಳನ್ನು ಹೊತ್ತವನೂ ಹೌದು. ಎರಡೂ ಒಂದೇ ಉಸಿರಿನಲ್ಲಿವೆ. ಮೊದಲನೆಯದನ್ನು ಮಾತ್ರ ಹೇಳಿದರೆ ಜನರ ಹೆಗಲ ಮೇಲೆ ಹೊರೆ ಏರಿಸಿ ಕಳಿಸಿದಂತೆ.

ನಾನು ಸಂಡೇ ಸ್ಕೂಲ್ ಟೀಚರ್. ಸಿಂಹಗಳ ಗವಿಗೆ ಎಸೆಯಲ್ಪಟ್ಟ ದಾನಿಯೇಲನ ಪಾಠವನ್ನು "ದಾನಿಯೇಲನ ಹಾಗೆ ಪ್ರಾರ್ಥಿಸಿದರೆ ಸಿಂಹ ಏನೂ ಮಾಡುವುದಿಲ್ಲ" ಎಂದು ಮುಗಿಸುತ್ತಿದ್ದೆ. ಇದು ಸಾಲದು ಅನ್ನಿಸುತ್ತಿದೆ. ಏಳರಿಂದ ಹತ್ತು ವರ್ಷದ ಮಕ್ಕಳಿಗೆ ಬೇರೆ ಹೇಗೆ ಹೇಳುವುದು? — ಕೊಪ್ಪ

ಸಾಲದು ಮಾತ್ರವಲ್ಲ, ಮಗುವಿಗೆ ನೋವಾಗುವ ಮಾತು ಅದು. ಇಬ್ರಿಯ 11:33ರಲ್ಲಿ ಸಿಂಹಗಳ ಬಾಯಿ ಕಟ್ಟಿದವರಿದ್ದಾರೆ. ನಾಲ್ಕೇ ವಚನ ಮುಂದೆ, 37ರಲ್ಲಿ, ಗರಗಸದಿಂದ ಕೊಯ್ಯಲ್ಪಟ್ಟವರಿದ್ದಾರೆ. ಇಬ್ಬರದೂ ಅದೇ ನಂಬಿಕೆ. ತಂದೆಗೆ ವಾಸಿಯಾಗಲಿ ಎಂದು ಪ್ರಾರ್ಥಿಸಿ ತಂದೆಯನ್ನು ಕಳೆದುಕೊಂಡ ಮಗು ನಿಮ್ಮ ತರಗತಿಯ ಚಾಪೆಯ ಮೇಲೆ ಕೂತಿರಬಹುದು. "ನಾನು ಸರಿಯಾಗಿ ಪ್ರಾರ್ಥಿಸಲಿಲ್ಲ" ಎಂದು ಅದು ಯಾರಿಗೂ ಹೇಳದೆ ನಂಬಿಬಿಡುತ್ತದೆ.

ನಲವತ್ತೈದು ನಿಮಿಷದ ತರಗತಿಯನ್ನು ಹೀಗೆ ನಡೆಸಿ ನೋಡಿ. ಹಾಡಿಗೆ ಐದು ನಿಮಿಷ. ಕಥೆಗೆ ಹನ್ನೆರಡು, ಪೂರ್ತಿ ದಾನಿಯೇಲ 6ರಿಂದಲೇ. ಚಿತ್ರಪಟದಲ್ಲಿ ದಾನಿಯೇಲ ಯುವಕನಾಗಿದ್ದರೆ ಅದನ್ನು ಪಕ್ಕಕ್ಕಿಡಿ. ಬಾಬೆಲಿಗೆ ಸೆರೆ ಹೋದಾಗ ಹುಡುಗನಾಗಿದ್ದವನು ಸಿಂಹದ ಗವಿಗೆ ಬೀಳುವ ಹೊತ್ತಿಗೆ ಎಂಬತ್ತರ ಆಸುಪಾಸಿನ ಮುದುಕ. ಮಕ್ಕಳಿಗೆ ಅಜ್ಜನ ಮುಖ ಕಣ್ಣಿಗೆ ಬಂದರೆ ಕಥೆಯೇ ಬೇರೆಯಾಗುತ್ತದೆ. ಮುಂದಿನ ಹತ್ತು ನಿಮಿಷ ಪ್ರಶ್ನೆ: ಅರಸನು ದಾನಿಯೇಲನನ್ನು ಉಳಿಸಬೇಕೆಂದು ಸಂಜೆಯವರೆಗೂ ಒದ್ದಾಡಿದನಲ್ಲ (ವ. 14), ಯಾಕೆ ಆಗಲಿಲ್ಲ? ಉಳಿಸಿದವರು ಯಾರು? ಕೊನೆಯಲ್ಲಿ ಅರಸನು ಯಾರನ್ನು ಹೊಗಳಿ ಪತ್ರ ಬರೆಸಿದ (ವ. 26-27)? ಮಕ್ಕಳೇ "ದೇವರನ್ನು" ಎನ್ನುತ್ತಾರೆ. ಅರಸನ ಪತ್ರದ ನಾಯಕ ದಾನಿಯೇಲನಲ್ಲ ಎಂಬುದನ್ನು ಅವರ ಬಾಯಿಂದಲೇ ಬರಿಸಿ.

ಆಮೇಲೆ ಹತ್ತು ನಿಮಿಷ ಯೇಸುವಿನ ಬಗ್ಗೆ. ಯೇಸುವೂ ತಪ್ಪಿಲ್ಲದೆ ಸಿಕ್ಕಿಬಿದ್ದನು, ಸಿಂಹದ ಗವಿಗೆ ಹಾಕಿದ ಹಾಗೆಯೇ ಆತನ ಸಮಾಧಿಗೂ ಕಲ್ಲಿಟ್ಟು ಮುದ್ರೆ ಹಾಕಿದರು (ಮತ್ತಾಯ 27:66). ಆದರೆ ಆತನನ್ನು ಯಾರೂ ತಪ್ಪಿಸಲಿಲ್ಲ, ಆತನು ನಿಜವಾಗಿ ಸತ್ತನು. ಯಾಕೆ? ನಮ್ಮನ್ನು ಬಿಡಿಸುವುದಕ್ಕೆ. ಮೂರನೆಯ ದಿನ ಎದ್ದನು. ಹಾಗಾಗಿ ಈಗ ಯಾವ ಗವಿಯಲ್ಲೂ, ಸಾವಿನಲ್ಲೂ ನಾವು ಒಂಟಿಯಲ್ಲ. ಎಂಟು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ದೊಡ್ಡವರು ಅಂದುಕೊಂಡಿರುವುದಕ್ಕಿಂತ ಚೆನ್ನಾಗಿಯೇ ಅರ್ಥವಾಗುತ್ತದೆ. ಉಳಿದ ಎಂಟು ನಿಮಿಷ ಕಂಠಪಾಠ ಮತ್ತು ಪ್ರಾರ್ಥನೆ. ಬಣ್ಣ ಹಚ್ಚುವ ಹಾಳೆ ಮನೆಗೆ ಕೊಡಿ. ತರಗತಿಯಲ್ಲಿ ಹಂಚಿದರೆ ಯೇಸುವಿನ ಹತ್ತು ನಿಮಿಷವೇ ಮೊದಲು ಹೋಗುವುದು.

ನಮ್ಮಲ್ಲಿ ಭಾನುವಾರದ ಮೂರು ಬೈಬಲ್ ವಾಚನಗಳು ಮೊದಲೇ ಗೊತ್ತಾಗಿರುತ್ತವೆ. ಮೂರನ್ನೂ ಜೋಡಿಸಲು ಹೋಗಿ ಪ್ರಬೋಧನೆ (ಪೂಜೆಯಲ್ಲಿನ ಪ್ರಸಂಗ) ಗೋಜಲಾಗುತ್ತದೆ. — ಕಥೋಲಿಕ ಓದುಗರು, ಶಿವಮೊಗ್ಗ

ಜೋಡಿಸಲೇಬೇಕೆಂಬ ಕಟ್ಟಳೆಯಿಲ್ಲ. ಸಾಧಾರಣ ಕಾಲದ (ದೊಡ್ಡ ಹಬ್ಬಗಳ ಕಾಲ ಬಿಟ್ಟು ಉಳಿದ) ಭಾನುವಾರಗಳಲ್ಲಿ ಮೊದಲನೆಯ ವಾಚನವನ್ನು ಶುಭಸಂದೇಶಕ್ಕೆ (ಸುವಾರ್ತೆಯ ವಾಚನಕ್ಕೆ) ಹೊಂದುವಂತೆ ಆರಿಸಿರುತ್ತಾರೆ. ಎರಡನೆಯದು ಒಂದು ಪತ್ರವನ್ನು ವಾರದಿಂದ ವಾರಕ್ಕೆ ಓದಿಕೊಂಡು ಹೋಗುವುದು, ಅದರ ದಾರಿ ಬೇರೆ. ಮೊದಲನೆಯದನ್ನೂ ಶುಭಸಂದೇಶವನ್ನೂ ಹಿಡಿದರೆ ಎಂಟು ಹತ್ತು ನಿಮಿಷದ ಪ್ರಬೋಧನೆಗೆ ಬೇಕಾದಷ್ಟಾಯಿತು. ಎದ್ದುಬಂದ ಯೇಸು ಇಬ್ಬರು ಶಿಷ್ಯರೊಂದಿಗೆ ನಡೆದ ಎಮ್ಮಾಹುವಿನ ದಾರಿಯಲ್ಲಿ ಗ್ರಂಥದ ಮಾತು ರೊಟ್ಟಿ ಮುರಿಯುವ ಮೇಜಿನವರೆಗೆ ನಡೆಯಿತು (ಲೂಕ 24:27-31). ಪ್ರಬೋಧನೆಯ ಕೊನೆಯ ಮಾತೂ ಬಲಿಪೀಠದ ಕಡೆಗೆ ತಿರುಗಿರಲಿ.

ನಮ್ಮ ಕೂಟಗಳ ಬ್ಯಾನರಿನಲ್ಲಿ ದೇವಸೇವಕರ ಫೋಟೋವೇ ಮುಕ್ಕಾಲು ಭಾಗ. ಸಾಕ್ಷಿ ಹೇಳುವವರೂ "ಬ್ರದರ್ ಕೈ ಇಟ್ಟರು, ವಾಸಿಯಾಯಿತು" ಎನ್ನುತ್ತಾರೆ. ಜ್ವರ ಬಂದವರು ಆಸ್ಪತ್ರೆಗೆ ಹೋಗದೆ ಕೂಟಕ್ಕೆ ಬರುತ್ತಿದ್ದಾರೆ. ವಿರೋಧಿಸಿದರೆ ನಂಬಿಕೆಯಿಲ್ಲದವನು ಎನ್ನುತ್ತಾರೆ. — ಸೊರಬ

ಅಪೊಸ್ತಲರ ಕೃತ್ಯಗಳು 3ನ್ನು ಅವರೊಂದಿಗೆ ಕೂತು ಓದಿ. ಕುಂಟನು ನಡೆದ ಸಂಗತಿ ಹತ್ತು ವಚನಗಳಲ್ಲಿ ಮುಗಿಯುತ್ತದೆ. ಜನ ಬೆರಗಾಗಿ ನೋಡಿದಾಗ ಪೇತ್ರನು ಕೇಳುವ ಮೊದಲ ಮಾತು, ನಮ್ಮ ಸ್ವಂತ ಶಕ್ತಿಯಿಂದಲೋ ಭಕ್ತಿಯಿಂದಲೋ ಇವನನ್ನು ನಡೆಯುವಂತೆ ಮಾಡಿದೆವು ಎಂಬ ಹಾಗೆ ನಮ್ಮನ್ನೇಕೆ ದಿಟ್ಟಿಸುತ್ತೀರಿ ಎಂದು (ವ. 12). ಅಲ್ಲಿಂದ 26ರವರೆಗೆ ಹದಿನೈದು ವಚನ, ಪೂರ್ತಿ ಯೇಸುವಿನ ಬಗ್ಗೆ. ಲುಸ್ತ್ರದಲ್ಲಿ ಜನ ತಮ್ಮನ್ನೇ ದೇವರೆಂದಾಗ ಪೌಲ, ಬಾರ್ನಬರು ಬಟ್ಟೆ ಹರಿದುಕೊಂಡು ಓಡಿಬಂದು ತಡೆದರು (14:14). ಇದು ಅಪೊಸ್ತಲರ ನಂಬಿಕೆ. ಇದೇ ಬೇಕು ಎಂದು ಕೇಳುವವರು ನಂಬಿಕೆಯಿಲ್ಲದವರಲ್ಲ.

ಬ್ಯಾನರಿನಲ್ಲಿ ಸಭೆಯ ಹೆಸರು, ಜಾಗ, ಸಮಯ, ಒಂದು ವಾಕ್ಯ ಸಾಕು. ಸಾಕ್ಷಿಗೆ ಮೂರು ನಿಮಿಷ ಗೊತ್ತುಮಾಡಿ, ಹೇಳುವವರೊಂದಿಗೆ ಮೊದಲೇ ಒಮ್ಮೆ ಮಾತಾಡಿ. ಮೂರು ನಿಮಿಷದಲ್ಲಿ ಕ್ರಿಸ್ತನ ಬಗ್ಗೆ ಒಂದು ನಿಮಿಷವಾದರೂ ಇರಲಿ, ಸೇವಕರ ಹೆಸರು ಬೇಡ.

ಜ್ವರದ ವಿಷಯ ಸೊರಬದವರಿಗೆ ಬೇರೆಯವರು ಹೇಳಬೇಕಾದ್ದಿಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಾದದ್ದು ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಬೇಸಿಗೆಗೆ ಮುಂಚಿನಿಂದ ಮಳೆ ಬೀಳುವವರೆಗೆ, ಸೊಪ್ಪು ಸೌದೆಗೆ ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಬರುವ ಜ್ವರ ಅದು. ಅದರಲ್ಲಿ ಒಂದು ಗುಣವಿದೆ, ಪ್ರಾರ್ಥನಾ ಕೂಟ ನಡೆಸುವವರು ಇದನ್ನು ತಿಳಿದಿರಲೇಬೇಕು: ಒಂದೆರಡು ವಾರದಲ್ಲಿ ಜ್ವರ ಇಳಿದು ಆರಾಮಾದಂತೆ ಕಂಡ ಮೇಲೆ, ನೂರಕ್ಕೆ ಹತ್ತಿಪ್ಪತ್ತು ಜನರಿಗೆ ಮೂರನೆಯ ವಾರದ ಹೊತ್ತಿಗೆ ಮತ್ತೆ ಬರುತ್ತದೆ. ಆಗ ಜೋರು ತಲೆನೋವು, ನಡುಕ, ಬುದ್ಧಿ ಕಲಕುವುದು, ಕಣ್ಣು ಮಂಜಾಗುವುದು ಇರುತ್ತದೆ. ಮೊದಲ ಇಳಿತಕ್ಕೇ ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಿದರೆ, ಎರಡನೆಯ ಜ್ವರಕ್ಕೆ ಆ ಮನುಷ್ಯ ನಾಚಿಕೆಯಿಂದ ಯಾರಿಗೂ ಹೇಳದೆ ಮನೆಯಲ್ಲೇ ಮಲಗುತ್ತಾನೆ. ಜೀವ ಹೋಗುವುದು ಹೀಗೆ.

ಆದ್ದರಿಂದ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಅದೇ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗಾಡಿ ಮಾಡಿ ಕಳಿಸಿ, ಸಭೆಯವರೊಬ್ಬರು ಜೊತೆಗೆ ಹೋಗಲಿ. ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಎಂದು ಹೇಳುವ ಹಕ್ಕು ಯಾವ ಸೇವಕನಿಗೂ ಇಲ್ಲ. ಯೇಸುವೇ ತಾನು ಶುದ್ಧಮಾಡಿದ ಕುಷ್ಠರೋಗಿಗೆ, ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸಿಕೋ ಎಂದನು (ಮಾರ್ಕ 1:44). ಪರೀಕ್ಷೆ ಮೊದಲು, ಸಾಕ್ಷಿ ಆಮೇಲೆ. ವಾಸಿಯಾಗದವರನ್ನು ಹಿಂದಿನ ಸಾಲಿಗೆ ತಳ್ಳಬೇಡಿ. ಪೌಲನು ತ್ರೊಫಿಮನನ್ನು ಮಿಲೇತದಲ್ಲಿ ರೋಗಿಯಾಗಿಯೇ ಬಿಟ್ಟುಬಂದ ಸಂಗತಿಯನ್ನು ಮುಚ್ಚಿಡದೆ ಬರೆದಿದ್ದಾನೆ (2 ತಿಮೊಥೆ 4:20). ನಮ್ಮ ನಡುವಿನ ತ್ರೊಫಿಮರೂ ಕ್ರಿಸ್ತನವರೇ.

ಸುಗ್ಗಿ ಹಬ್ಬಕ್ಕೆ ಪ್ರಸಂಗ ಮಾಡಲು ನನ್ನನ್ನು ಕೇಳಿದ್ದಾರೆ. ಪ್ರತಿವರ್ಷ ಮಲಾಕಿ 3:10 (ದಶಮಾಂಶವನ್ನು ಆಲಯಕ್ಕೆ ತನ್ನಿ ಎಂಬ ವಚನ) ಓದಿ, ಹೆಚ್ಚು ಕೊಡಿ ಎಂದು ಹೇಳಿ, ಹರಾಜು ಶುರುವಾಗುತ್ತದೆ. ಈ ಸಲ ಬೇರೆ ರೀತಿ ಮಾಡಲು ಆಸೆ. — ಮೂಡಿಗೆರೆ

ಮಲಾಕಿಯನ್ನೇ ಓದಿ, ಆದರೆ 3:1ರಿಂದ ಓದಿ. ಕರ್ತನು ತನ್ನ ಆಲಯಕ್ಕೆ ಬರುವ ಸುದ್ದಿಯಿಂದ ಆ ಅಧ್ಯಾಯ ಶುರುವಾಗುತ್ತದೆ. ಮಾರ್ಕನು ತನ್ನ ಸುವಾರ್ತೆಯನ್ನು ಆರಂಭಿಸುವಾಗ ಇದೇ ಮಾತನ್ನು ಎತ್ತಿಕೊಂಡು ಸ್ನಾನಿಕನಾದ ಯೋಹಾನನ ಕಡೆಗೂ ಅವನ ಹಿಂದೆ ಬರುವ ಯೇಸುವಿನ ಕಡೆಗೂ ತೋರಿಸುತ್ತಾನೆ. ಬರುವ ಕರ್ತನು ಏನನ್ನು ವಿಚಾರಿಸುತ್ತಾನೆ ಎಂಬುದು 5ನೆಯ ವಚನದಲ್ಲಿದೆ: ಕೂಲಿಯವನ ಕೂಲಿಯಲ್ಲಿ ಅನ್ಯಾಯ ಮಾಡಿದವರನ್ನು, ವಿಧವೆಯನ್ನೂ ತಬ್ಬಲಿಯನ್ನೂ ಹಿಂಡಿದವರನ್ನು. ಕಾಫಿ ಕೊಯ್ಲಿನ ಊರಿನಲ್ಲಿ ಹತ್ತನೆಯ ವಚನವನ್ನು ಓದಿ ಐದನೆಯದನ್ನು ಬಿಡುವುದು ಸರಿಯಲ್ಲ. ತೋಟದ ಯಜಮಾನರೂ ಆಳುಗಳೂ ಒಂದೇ ಸಭೆಯಲ್ಲಿದ್ದರೆ ಇನ್ನೂ ಸರಿಯಲ್ಲ.

ಇನ್ನೊಂದು ದಾರಿ ಧರ್ಮೋಪದೇಶಕಾಂಡ 26:1-11. ಪ್ರಥಮಫಲದ ಪುಟ್ಟಿ ಹಿಡಿದು ಬಂದವನು ಬೆಳೆಯ ಲೆಕ್ಕ ಹೇಳುವುದಿಲ್ಲ. ದೇವರು ತನ್ನ ಹಿರಿಯರನ್ನು ಐಗುಪ್ತದಿಂದ ಬಿಡಿಸಿದ ಕಥೆ ಹೇಳುತ್ತಾನೆ. ಬಿಡುಗಡೆ ಮೊದಲು, ಪುಟ್ಟಿ ಆಮೇಲೆ. ಅಲ್ಲಿಂದ 1 ಕೊರಿಂಥ 15:20ಕ್ಕೆ ಬನ್ನಿ, ಸತ್ತವರೊಳಗಿಂದ ಎದ್ದುಬಂದ ಕ್ರಿಸ್ತನೇ ಪ್ರಥಮಫಲ. ಮೊದಲ ಗೊನೆ ದೇವರು ಕೊಟ್ಟಾಗಿದೆ, ನಮ್ಮ ಕಾಣಿಕೆ ಅದಕ್ಕೆ ಉತ್ತರ. ಕಾಣಿಕೆಗೆ ಕರೆ ಕೊಡುವಾಗ ಪೌಲನು ಕೊರಿಂಥದವರಿಗೆ ಹೇಳಿದ್ದೂ ಇದನ್ನೇ: ಐಶ್ವರ್ಯವಂತನಾಗಿದ್ದ ಆತನು ನಿಮಗೋಸ್ಕರ ಬಡವನಾದನು (2 ಕೊರಿಂಥ 8:9).

ಕಾರ್ಯಕ್ರಮದ ಕ್ರಮವನ್ನೂ ಸ್ವಲ್ಪ ಬದಲಿಸಿ. ಪ್ರಸಂಗದ ಬೆನ್ನಿಗೇ ಹರಾಜು ಬಂದರೆ ಅಷ್ಟು ಹೊತ್ತು ಹೇಳಿದ್ದೆಲ್ಲ ಹರಾಜಿನ ಪೀಠಿಕೆಯಾಗುತ್ತದೆ. ಪ್ರಸಂಗವಾದ ಮೇಲೆ ಕರ್ತನ ಭೋಜನ, ಆಮೇಲೆ ಆಶೀರ್ವಾದ, ಅಲ್ಲಿಗೆ ಆರಾಧನೆ ಮುಗಿಯಲಿ. ಹರಾಜು ಹೊರಗೆ, ಚಪ್ಪರದಲ್ಲಿ ನಡೆಯಲಿ. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ಪೀಠದಿಂದ ಓದಬೇಡಿ. ಮೊತ್ತವನ್ನು ಮಾತ್ರ ಮುಂದಿನ ವಾರ ಬೋರ್ಡಿಗೆ ಹಾಕಿದರೆ ಲೆಕ್ಕವೂ ಪಾರದರ್ಶಕವಾಗಿರುತ್ತದೆ, ಒಂದು ಹಿಡಿ ಮೆಣಸು ತಂದ ಅಜ್ಜಿಗೂ ಸಂಕೋಚವಾಗುವುದಿಲ್ಲ. ಇದನ್ನು ಹಬ್ಬದ ದಿನ ಬೆಳಿಗ್ಗೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಕಮಿಟಿಯವರ ಮುಂದೆ ಒಂದು ತಿಂಗಳು ಮೊದಲೇ ಇಡಿ.